ಗ್ಯಾರೇಜಿನ ಸಾಮಾನು ಎಲ್ಲಿಡೋಣ?

ಅಕ್ಕಂದಿರೇ, ಬೈಕ್ ರಿಪೇರಿ ಅಂಗಡಿ ನೋಡಿದ್ದೀರಲ್ಲ? ನಮ್ಮಲ್ಲಿ ಕೆಲವರ ಮನೆಯದೇ ಇರಬಹುದು. ಅಲ್ಲಿ ಸ್ಪ್ಯಾನರ್ ಹುಡುಕುವುದರಲ್ಲೇ ಹೊತ್ತು ಹೋಗ್ತದೆ.

ಸ್ಪ್ಯಾನರ್ ಮೇಲೆ ಅಂಕಿ ಇದೆ, ಓದೋಣ. 10 ಅಂದರೆ ನಟ್ಟಿನ ಅಗಲ 10 ಮಿಲಿಮೀಟರ್. ಗೋಡೆಗೆ ಹಲಗೆ ಹೊಡೆಯೋಣ. 8, 10, 12, 14 ಅಂತ ಬರೆದು ಮೊಳೆಗೆ ತೂಗುಹಾಕೋಣ. ಸಂಜೆ ಖಾಲಿ ಮೊಳೆ ಕಂಡರೆ ಯಾವುದು ಇಲ್ಲ ಅಂತ ಗೊತ್ತಾಗ್ತದೆ. ಖರ್ಚೂ ಕಡಿಮೆ.

ಸಾಮಾನು ಹೆಚ್ಚಾದರೆ ತಗಡಿನ ಡ್ರಾಯರ್ ಬೀರು ಕೊಳ್ಳಬಹುದು. ಬಣ್ಣಕ್ಕೆ ಮರುಳಾಗಬೇಡಿ. ತಗಡು ದಪ್ಪ ಇದೆಯೇ, ಬೀಗ ಇದೆಯೇ ನೋಡಿ. ಸುತ್ತಿಗೆ, ಜಾಕ್‌ನಂಥ ಭಾರದ ಸಾಮಾನು ಕೆಳಗಿನ ಡ್ರಾಯರ್‌ನಲ್ಲಿರಲಿ. ಒಮ್ಮೆಗೆ ಒಂದೇ ಡ್ರಾಯರ್ ಎಳೆಯಿರಿ. ಎಲ್ಲವನ್ನೂ ಎಳೆದರೆ ಭಾರ ಮುಂದಕ್ಕೆ ಬಂದು ಬೀರು ಮಗುಚಬಹುದು. ಮಕ್ಕಳು ಓಡಾಡುವ ಜಾಗ! ಬೀರುವನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಸಿ.