ದಿನದ ಕ್ಯಾಲೊರಿ ಲೆಕ್ಕ: ಒಂದು ಅಭ್ಯಾಸ ಪಾಠ ಮತ್ತು ಅದರ ತಿದ್ದುಪಡಿ

ತರಗತಿ: 9
ವಿಷಯ: ಗಣಿತ (ವಿಜ್ಞಾನದೊಂದಿಗೆ ಸಮನ್ವಯ)
ಅವಧಿ: 40 ನಿಮಿಷ

ಹಿನ್ನೆಲೆ

ಹಂಸಭಾವಿ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಈ ಪಾಠವನ್ನು ಎರಡು ಸಲ ಮಾಡಿದೆ. ಮೊದಲ ಸಲ ಮಕ್ಕಳಿಗೆ ಆಸಕ್ತಿ ಬರಲೆಂದು ತೂಕದ ಯಂತ್ರ ಒಯ್ದು, ಅವರವರ ತೂಕವನ್ನೇ ಕಪ್ಪುಹಲಗೆಯ ಮೇಲೆ ಬರೆದು ಲೆಕ್ಕ ಮಾಡಿಸಿದೆ. ಉತ್ತರಗಳು ಸರಿಯಾಗಿಯೇ ಬಂದವು. ಆದರೆ ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿನಿ, "ನನಗ ಅರ್ಧಾ ಅನ್ನ ಸಾಕ್ರಿ ಸರ್, ನನ್ನ ಲೆಕ್ಕ ಮುಗೀತ್ರಿ" ಎಂದಳು. ಅವಳು ದಪ್ಪಗೇನೂ ಇರಲಿಲ್ಲ. ತಪ್ಪು ಅವಳದಲ್ಲ, ನನ್ನ ಪಾಠದ್ದು ಎಂದು ಆಗ ತಿಳಿಯಿತು. ತಿದ್ದಿದ ಪಾಠ ಹೀಗಿದೆ.

ಪೀಠಿಕೆ

ಪ್ರಶ್ನೆ: ಮನೆಯ ಖರ್ಚಿಗಿಂತ ಆದಾಯ ಹೆಚ್ಚಾದರೆ ಏನಾಗುತ್ತದೆ?
ನಿರೀಕ್ಷಿತ ಉತ್ತರ: ಉಳಿತಾಯ.

ದೇಹವೂ ಹಾಗೆಯೇ. ಖರ್ಚಾಗದೆ ಉಳಿದ ಶಕ್ತಿ ಹೆಚ್ಚಾಗಿ ಕೊಬ್ಬಿನ ರೂಪದಲ್ಲಿ ಶೇಖರವಾಗುತ್ತದೆ. 1 ಗ್ರಾಂ ಕಾರ್ಬೋಹೈಡ್ರೇಟ್ ಅಥವಾ ಪ್ರೋಟೀನ್‌ನಿಂದ ಸುಮಾರು 4, 1 ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೊ ಕ್ಯಾಲೊರಿ ದೊರೆಯುತ್ತದೆ.

ವಿಷಯ ಮಂಡನೆ

ಒಬ್ಬ ಕಲ್ಪಿತ ಮಹಿಳೆಯನ್ನು ತೆಗೆದುಕೊಳ್ಳೋಣ. ವಯಸ್ಸು 40, ತೂಕ 68 ಕಿ.ಗ್ರಾಂ, ಎತ್ತರ 155 ಸೆಂ.ಮೀ. ದಿನವಿಡೀ ಕುಳಿತು ಹೊಲಿಗೆ ಕೆಲಸ.

ಹಂತ 1. ತೂಕ ಇಳಿಸುವ ಅಗತ್ಯವಿದೆಯೇ? ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು: 68 ÷ (1.55 × 1.55) = 28.3. ಭಾರತೀಯ ವಯಸ್ಕರಲ್ಲಿ ಇದು 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಆದ್ದರಿಂದ ಅಗತ್ಯವಿದೆ.

ಹಂತ 2. ವಿಶ್ರಾಂತಿಯಲ್ಲಿ ದೇಹದ ಖರ್ಚು. 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ, ಮಹಿಳೆಯರಿಗೆ:
(10 × ತೂಕ) + (6.25 × ಎತ್ತರ) − (5 × ವಯಸ್ಸು) − 161
= 680 + 968.75 − 200 − 161 = ಸುಮಾರು 1288.

ಹಂತ 3. ದುಡಿಮೆಯ ಖರ್ಚು. ಕುಳಿತು ಮಾಡುವ ಕೆಲಸಕ್ಕೆ 1.4ರಿಂದ ಗುಣಿಸಬೇಕು: ಸುಮಾರು 1803. ಇದೇ ಮಹಿಳೆ ಹೊಲದಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗುವವಳಾದರೆ 1.8ರಿಂದ: ಸುಮಾರು 2318. ದೇಹ ಒಂದೇ, ವ್ಯತ್ಯಾಸ 500ಕ್ಕೂ ಹೆಚ್ಚು.

ಹಂತ 4. ದಿನಕ್ಕೆ 400 ಕಳೆದರೆ ಹೊಲಿಗೆಯವಳ ಗುರಿ ಸುಮಾರು 1400, ಕೂಲಿಯವಳದು ಸುಮಾರು 1900. ವಾರಕ್ಕೆ 2800 ಉಳಿಯಿತು. 1 ಕಿ.ಗ್ರಾಂ ದೇಹದ ಕೊಬ್ಬಿಗೆ ಸುಮಾರು 7700 ಎಂದು ಹಿಡಿದರೆ ವಾರದ ಇಳಿಕೆ ಸುಮಾರು 0.36 ಕಿ.ಗ್ರಾಂ. ತೂಕ ಇಳಿದಂತೆ ಖರ್ಚೂ ಇಳಿಯುವುದರಿಂದ ಇಳಿಕೆ ನಿಧಾನವಾಗುತ್ತದೆ. ಆಗ ಹೊಸ ತೂಕದಿಂದ ಮತ್ತೆ ಲೆಕ್ಕ ಹಾಕಬೇಕು.

ಹಂತ 5. ಎಲ್ಲಿ ಕಳೆಯುವುದು? ದಿನಕ್ಕೆ 5 ಕಪ್ ಚಹಾ, ಕಪ್ಪಿಗೆ 10 ಗ್ರಾಂ ಸಕ್ಕರೆ: 50 × 4 = 200. ಮಿರ್ಚಿ ಭಜಿ, ಒಗ್ಗರಣೆಯಲ್ಲಿ 20 ಗ್ರಾಂ ಎಣ್ಣೆ ಕಡಿಮೆಯಾದರೆ 20 × 9 = 180. ಒಟ್ಟು 380. ಜೋಳದ ರೊಟ್ಟಿ, ಪಲ್ಯ, ಕಾಳುಗಳನ್ನು ಮುಟ್ಟಲೇ ಇಲ್ಲ.

ಪಾಠದ ಮುಖ್ಯ ಪ್ರಶ್ನೆ

ಕುಳಿತು ಕೆಲಸ ಮಾಡುವ ತಾಯಿ, 14 ವರ್ಷದ ಮಗಳು: ಯಾರಿಗೆ ಹೆಚ್ಚು ಶಕ್ತಿ ಬೇಕು? ತರಗತಿಯ ಹೆಚ್ಚಿನವರು ತಾಯಿಗೆ ಎಂದರು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಕೋಷ್ಟಕದ ಪ್ರಕಾರ 55 ಕಿ.ಗ್ರಾಂ ತೂಕದ ಅಂಥ ಮಹಿಳೆಗೆ 1660, 13ರಿಂದ 15 ವರ್ಷದ ಹುಡುಗಿಗೆ 2400 ಕಿಲೊ ಕ್ಯಾಲೊರಿ. ಮಗಳದು ಬೆಳೆಯುವ ದೇಹ. ಮೇಲಿನ ಸೂತ್ರ, 23–25ರ ಗಡಿ ಎರಡೂ ವಯಸ್ಕರಿಗೆ ಮಾತ್ರ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. 6ರಿಂದ 8ನೇ ತರಗತಿಯ ಬಿಸಿಯೂಟಕ್ಕೆ ನಿಗದಿಯಾದ ಶಕ್ತಿ 700 ಕಿಲೊ ಕ್ಯಾಲೊರಿ. ಅಂಥ ಊಟದಲ್ಲಿ ಅರ್ಧ ಬಿಟ್ಟರೆ ಒಂದೇ ಹೊತ್ತಿಗೆ 350 ಹೋಯಿತು.

ಗೃಹಪಾಠ

ಮನೆಗೆ ತಿಂಗಳಿಗೆ ಬರುವ ಎಣ್ಣೆ ಎಷ್ಟು? ಊಟ ಮಾಡುವವರು ಎಷ್ಟು ಜನ? ತಲಾ ದಿನಕ್ಕೆ ಎಷ್ಟು ಗ್ರಾಂ, ಎಷ್ಟು ಕಿಲೊ ಕ್ಯಾಲೊರಿ? ಯಾರ ತೂಕವನ್ನೂ ಬರೆಯಬೇಕಾಗಿಲ್ಲ.

ಅವಲೋಕನ

ಹಂತ 5ಕ್ಕೆ ಸಮಯ ಸಾಲಲಿಲ್ಲ. ಭಾಗಾಕಾರದ ಹಂತವನ್ನು ಮೊದಲೇ ಫಲಕದ ಮೇಲೆ ಬರೆದು ಒಯ್ಯುವುದು ಒಳ್ಳೆಯದು. ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ವಿನಂತಿ: ತೂಕದ ಯಂತ್ರವನ್ನು ತರಗತಿಗೆ ಒಯ್ಯಬೇಡಿ. ಪಾಠ ಮುಗಿದ ಮೇಲೆ ಊಟದ ಸಾಲಿನ ಕಡೆಗೆ ಒಮ್ಮೆ ಹೋಗಿ ಬನ್ನಿ.