ಸ್ಕೇಟಿನ ಚಾಸಿ: ಮೊದಲು ಅಳತೆ, ಆಮೇಲೆ ಬೆಲೆ



ಚಾಸಿ ಎಂದರೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಫಜಲಪುರದ ಕಬ್ಬಿನ ಟ್ರಾಲಿಗೂ, ಜೇವರ್ಗಿಯಿಂದ ತೊಗರಿ ಚೀಲ ಹೊತ್ತು ಬರುವ ಟೆಂಪೊಗೂ ಕೆಳಗೆ ಚಾಸಿ ಇರುತ್ತದೆ. ಮೇಲಿನ ಭಾರ ಗಾಲಿಗೆ ಇಳಿಯುವುದು ಅದರ ಮೂಲಕವೇ. ನಾನು ಬರೆಯುತ್ತಿರುವುದು ಒಂದು ಗೇಣು ಉದ್ದದ ಚಾಸಿಯ ಬಗ್ಗೆ. ಇನ್‌ಲೈನ್ ಹಾಕಿ ಸ್ಕೇಟಿನ ಬೂಟಿನ ಕೆಳಗೆ ನಾಲ್ಕು ಗಾಲಿಗಳನ್ನು ಒಂದೇ ಸಾಲಿನಲ್ಲಿ ಹಿಡಿದಿಡುವ ಭಾಗ ಅದು. ಅದನ್ನು ಬದಲಿಸಲು ಹೋಗಿ ನಾನು ಅಮ್ಮಿಯ ಭಿಶಿ ಹಣದಲ್ಲಿ 1,800 ರೂ. ತಪ್ಪು ಜಾಗಕ್ಕೆ ಹಾಕಿದೆ. ನಮ್ಮ ವಾಣಿಜ್ಯ ಪಾಠದ ಮೂರು ಮಾತುಗಳು ಆ ತಪ್ಪಿನಿಂದಲೇ ನನಗೆ ಸರಿಯಾಗಿ ಅರ್ಥವಾದವು.

ಆಟ ಮತ್ತು ಗಾಲಿ

ಗಾಲಿ ಕಟ್ಟಿಕೊಂಡು ಓಡುವುದು ಹಳೆಯ ಆಟ. 1760ರ ದಶಕದಲ್ಲಿ ಲಂಡನ್ನಿನಲ್ಲಿ ಜಾನ್ ಜೋಸೆಫ್ ಮರ್ಲಿನ್ ಎಂಬವರು ಗಾಲಿಯ ಸ್ಕೇಟ್ ಹಾಕಿದ್ದರು. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಮುಂದೆ ಎರಡು, ಹಿಂದೆ ಎರಡು ಗಾಲಿಯ ಸ್ಕೇಟ್ ಮಾಡಿದರು. ಅದು ಸುಲಭವಾಗಿ ತಿರುಗುತ್ತಿದ್ದುದರಿಂದ ಸಾಲುಗಾಲಿಯ ಸ್ಕೇಟ್ ಬಹಳ ಕಾಲ ಮೂಲೆಗೆ ಸರಿಯಿತು. 1980ರ ಸುಮಾರಿಗೆ ಅಮೆರಿಕದ ಮಿನ್ನೆಸೋಟದಲ್ಲಿ ಸ್ಕಾಟ್ ಮತ್ತು ಬ್ರೆನನ್ ಓಲ್ಸನ್ ಎಂಬ ಅಣ್ಣತಮ್ಮಂದಿರು ಅದನ್ನು ಮತ್ತೆ ಎತ್ತಿಕೊಂಡರು. ಅವರು ಐಸ್ ಹಾಕಿ ಆಡುವವರು. ಬೇಸಿಗೆಯಲ್ಲಿ ಮಂಜಿಲ್ಲದಾಗಲೂ ಅಭ್ಯಾಸ ಬೇಕಿತ್ತು. ಇನ್‌ಲೈನ್ ಹಾಕಿಯಲ್ಲಿ ಒಂದು ತಂಡಕ್ಕೆ ಅಂಗಳದಲ್ಲಿ ನಾಲ್ವರು ಆಟಗಾರರು, ಜೊತೆಗೆ ಒಬ್ಬ ಗೋಲ್‌ಕೀಪರ್.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ದೇಶದ ಮಹಿಳೆಯರು ಮತ್ತು ಪುರುಷರು 3000 ಮೀಟರ್ ಸ್ಪೀಡ್ ಸ್ಕೇಟಿಂಗ್ ರಿಲೇಯಲ್ಲಿ ಕಂಚು ಗೆದ್ದರು. ಅದನ್ನು ಮೊಬೈಲಿನಲ್ಲಿ ನೋಡಿದ ನನ್ನ ತಮ್ಮನಿಗೆ ಹುಚ್ಚು ಹಿಡಿಯಿತು. ಬೆಂಗಳೂರಿನ ಖಾಲಾ ತಮ್ಮ ಮಗನಿಗೆ ಚಿಕ್ಕದಾದ ಹಾಕಿ ಸ್ಕೇಟ್ ಕಳುಹಿಸಿದರು. ಆಳಂದದಲ್ಲಿ ಮದುವೆ ಇಲ್ಲದ ದಿನ ಒಂದು ಫಂಕ್ಷನ್ ಹಾಲಿನ ಸಿಮೆಂಟ್ ಅಂಗಳವೇ ಅವನ ಮೈದಾನ. ಒಂದು ಸಂಜೆ ಚರಂಡಿಯ ಕಲ್ಲಿಗೆ ಬಡಿದು, ಬಲಗಾಲಿನ ಚಾಸಿ ಮುಂದಿನ ರಿವೆಟ್ ಹತ್ತಿರ ಸೀಳಿತು. ಬೂಟು ಚೆನ್ನಾಗಿಯೇ ಇತ್ತು. ಅವನಿಗೆ ಆಗ ಹದಿಮೂರು ವರ್ಷ. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ನನ್ನ ತಪ್ಪು

ಮನೆಯ ಲೆಕ್ಕದ ಪುಸ್ತಕ ಬರೆಯುವವಳು ನಾನು. ಆದ್ದರಿಂದ ಅಮ್ಮಿ ಹಣ ನನ್ನ ಕೈಗೆ ಕೊಟ್ಟರು. ‘80 ಮಿ.ಮೀ. ಗಾಲಿಗೆ’ ಎಂದು ಬರೆದಿದ್ದ, ಎಲ್ಲಕ್ಕಿಂತ ಅಗ್ಗದ ಒಂದು ಜೋಡಿ ತರಿಸಿದೆ. ಬಂದ ಮೇಲೆ ನೋಡಿದರೆ ಅದು ಎರಡು ಬೋಲ್ಟಿನಿಂದ ಕೂರುವ ಚಾಸಿ. ಬೋಲ್ಟಿನಿಂದ ಬೋಲ್ಟಿಗೆ 165 ಮಿ.ಮೀ. ವೇಗದ ಓಟದ ಬೂಟಿನಂತೆ ಅಡಿಯಲ್ಲಿ ಬೋಲ್ಟಿಗೆ ಮರೆ ಇರುವ ಬೂಟಿಗೆ ಅದು ಸರಿ. ಹಾಕಿ ಬೂಟಿಗೆ ಚಾಸಿಯನ್ನು ಹೆಚ್ಚಾಗಿ ರಿವೆಟ್ ಹೊಡೆದು ಕೂರಿಸಿರುತ್ತಾರೆ. ತಮ್ಮನ ಬೂಟಿನ ಅಡಿಯಲ್ಲಿ ರಿವೆಟ್ ತೂತುಗಳ ಹೊರತು ಬೇರೇನೂ ಇರಲಿಲ್ಲ.

ನಮ್ಮ ಅಬ್ಬಾ ದ್ವಿಚಕ್ರ ವಾಹನದ ಮೆಕ್ಯಾನಿಕ್. “ಬೂಟಿಗೇ ಹೊಸ ತೂತು ಹಾಕಿ ಕೂರಿಸಿಬಿಡಿ, 1,800 ಕೊಟ್ಟಾಗಿದೆ” ಎಂದೆ. ಅಬ್ಬಾ ಡ್ರಿಲ್ ಮುಟ್ಟಲಿಲ್ಲ. “ಬೇಟಾ, ಚಾಸಿಯ ಹಣ ಹೋಗಿದೆ ಅಂತ ಬೂಟನ್ನೂ ಕಳೆಯಬೇಕಾ?” ಎಂದರು. ನನಗೆ ಕೋಪ ಬಂತು. ಮರುದಿನ ತರಗತಿಯಲ್ಲಿ ಮುಳುಗಿದ ವೆಚ್ಚದ ಮಾತು ಬಂದಾಗ ತಲೆ ತಗ್ಗಿಸಿದೆ. ಈಗಾಗಲೇ ಕೊಟ್ಟು ಮುಗಿದ, ಮರಳಿ ಬಾರದ ಹಣವನ್ನು ಮುಂದಿನ ನಿರ್ಧಾರದ ಲೆಕ್ಕಕ್ಕೆ ಸೇರಿಸಬಾರದು. ಇದು ಮೊದಲ ಪಾಠ. ತೂತು ಹಾಕದೆ ಹೊಸದಾಗಿಯೇ ಇದ್ದ ಆ ಚಾಸಿಯನ್ನು ಖಾಲಾರ ಮಗ ಬೆಂಗಳೂರಿನಲ್ಲಿ 1,000 ರೂ.ಗೆ ಮಾರಿಕೊಟ್ಟ. ನಷ್ಟ 800ಕ್ಕೆ ನಿಂತಿತು.

ಕೊಳ್ಳುವ ಮುಂಚೆ ನಾಲ್ಕು ಅಳತೆ

1. ಕೂರುವ ರೀತಿ. ರಿವೆಟ್ಟೋ ಬೋಲ್ಟೋ ನೋಡಿ. ಬೋಲ್ಟಾದರೆ ಎರಡು ಬೋಲ್ಟಿನ ನಡುವಿನ ಅಂತರ ಅಳೆಯಿರಿ. ರಿವೆಟ್ಟಾದರೆ ಚಾಸಿಯ ಮುಂದಿನ ಮತ್ತು ಹಿಂದಿನ ತಟ್ಟೆ ಬೂಟಿನ ಅಡಿಗೆ ಸಂದಿಲ್ಲದೆ ಕೂರಬೇಕು.

2. ಗಾಲಿಯ ಜೋಡಣೆ. ಕೆಲವು ಹಾಕಿ ಚಾಸಿಗಳಲ್ಲಿ ನಾಲ್ಕೂ ಗಾಲಿ ಒಂದೇ ಅಳತೆ. ಕೆಲವದರಲ್ಲಿ ಮುಂದಿನ ಎರಡು 76, ಹಿಂದಿನ ಎರಡು 80 ಮಿ.ಮೀ. ಇದಕ್ಕೆ ಹೈ-ಲೋ ಎನ್ನುತ್ತಾರೆ. ಆಟಗಾರನ ಭಾರ ಸ್ವಲ್ಪ ಮುಂದಕ್ಕೆ ಬೀಳುತ್ತದೆ. ಹೈ-ಲೋ ಚಾಸಿಗೆ ನಾಲ್ಕೂ ಒಂದೇ ಅಳತೆಯ ಗಾಲಿ ಹಾಕಿದರೆ ಎಲ್ಲವೂ ನೆಲಕ್ಕೆ ತಾಗುವುದಿಲ್ಲ.

3. ಉದ್ದ. ಮೊದಲ ಆಕ್ಸಲ್ ನಡುವಿನಿಂದ ಕೊನೆಯ ಆಕ್ಸಲ್ ನಡುವಿಗೆ ಅಳೆಯಬೇಕು. 80ರ ನಾಲ್ಕು ಗಾಲಿ ಒಂದಕ್ಕೊಂದು ಉಜ್ಜದಿರಲು ಮೂರು ಅಂತರ ಸೇರಿ 240 ಮಿ.ಮೀ.ಗಿಂತ ಹೆಚ್ಚು ಬೇಕು. ಅದಕ್ಕೇ 243ರ ಚಾಸಿ ಸಾಮಾನ್ಯ. ಉದ್ದ ಹೆಚ್ಚಿದರೆ ನೇರ ಓಟಕ್ಕೆ ಒಳ್ಳೆಯದು, ತಿರುಗುವುದು ಕಷ್ಟ. ಹಾಕಿಯಲ್ಲಿ ತಿರುಗುವುದೇ ಹೆಚ್ಚು.

4. ಆಕ್ಸಲ್ ಮತ್ತು ಬೇರಿಂಗ್. ಸ್ಕೇಟಿನ ಗಾಲಿಗೆ ಸಾಮಾನ್ಯವಾಗಿ ಎರಡು 608 ಬೇರಿಂಗ್. ಒಳತೂತು 8, ಹೊರಗೆ 22, ದಪ್ಪ 7 ಮಿ.ಮೀ. ಹಳೆಯ ಗಾಲಿ, ಬೇರಿಂಗ್ ಹೊಸ ಚಾಸಿಗೆ ಕೂತರೆ ಅಷ್ಟು ಹಣ ಉಳಿಯಿತು.

ಬೆಲೆಯಲ್ಲ, ತಿಂಗಳ ಸವಕಳಿ

ಎರಡನೆಯ ಪಾಠ ಸವಕಳಿ. ಕೊಂಡ ಬೆಲೆಯಿಂದ ಕೊನೆಗೆ ಮಾರಿದರೆ ಬರುವ ಬೆಲೆ ಕಳೆದು, ಬಾಳಿಕೆಯ ತಿಂಗಳುಗಳಿಂದ ಭಾಗಿಸಬೇಕು. ಲೆಕ್ಕಕ್ಕಾಗಿ ನಾನು ಹಿಡಿದ ಅಂಕಿಗಳು ಇವು.

ಪ್ಲಾಸ್ಟಿಕ್ ಮಿಶ್ರಣದ ಹೊಸ ಚಾಸಿ 2,000 ರೂ. 10 ತಿಂಗಳ ಬಾಳಿಕೆ, ಕೊನೆಗೆ ಏನೂ ಬಾರದು. ತಿಂಗಳಿಗೆ 200. ಅಲ್ಯೂಮಿನಿಯಂ ಹೊಸದು 3,600 ರೂ. 30 ತಿಂಗಳ ಬಾಳಿಕೆ, ಕೊನೆಗೆ 600. ತಿಂಗಳಿಗೆ 100. ಅಲ್ಯೂಮಿನಿಯಂ ಗೆದ್ದಿತು ಎಂದು ಅಮ್ಮಿಯ ಮುಂದೆ ಪುಸ್ತಕ ಹಿಡಿದೆ.

ಅಮ್ಮಿ ಶಾಲೆ ಹೆಚ್ಚು ಓದಿದವರಲ್ಲ. ಈದ್‌ಗೆ ತಮ್ಮನಿಗೆ ಕೊಡಿಸಿದ್ದ ಚಪ್ಪಲಿ ತೋರಿಸಿದರು. ಅದಾಗಲೇ ಬಿಗಿಯಾಗಿತ್ತು! ಬೂಟು ಇನ್ನು ಹತ್ತು ತಿಂಗಳು ಬಂದರೆ ಹೆಚ್ಚು. ರಿವೆಟ್ ಹೊಡೆದ ಚಾಸಿಯ ಬಾಳಿಕೆ ಲೋಹದ ಮೇಲಿಲ್ಲ, ಬೂಟಿನ ಮೇಲಿದೆ. ಹತ್ತು ತಿಂಗಳಿಗೆ 1,200 ರೂ.ಗೆ ಮಾರಿದರೂ ಹೊಸ ಅಲ್ಯೂಮಿನಿಯಂ ತಿಂಗಳಿಗೆ 240 ಬೀಳುತ್ತದೆ. ಅದೇ ಅಲ್ಯೂಮಿನಿಯಂ ಬಳಸಿದ್ದು 1,500ಕ್ಕೆ ಸಿಕ್ಕು, ಕೊನೆಗೆ 500 ಬಂದರೆ ತಿಂಗಳಿಗೆ 100. ಕಾಲು ಬೆಳೆದು ನಿಂತ ದೊಡ್ಡವರಿಗೆ ಹೊಸದೇ ಸರಿ. ಬೆಳೆಯುವ ಹುಡುಗನಿಗೆ ಬಳಸಿದ್ದು ಸರಿ.

ಮೂರನೆಯದು ಅವಕಾಶ ವೆಚ್ಚ. ಹೊಸದಕ್ಕೆ ಹೆಚ್ಚಾಗಿ ಕೊಡಬೇಕಾಗಿದ್ದ 2,100 ರೂ. ನನ್ನ ದ್ವಿತೀಯ ಪಿಯುಸಿ ಪುಸ್ತಕಕ್ಕೆ ಎತ್ತಿಟ್ಟ ಹಣ. ಅದನ್ನು ಸ್ಕೇಟಿಗೆ ಹಾಕಿದ್ದರೆ ಸ್ಕೇಟಿನ ನಿಜವಾದ ಬೆಲೆ ನನ್ನ ಪುಸ್ತಕವಾಗುತ್ತಿತ್ತು.

ಬಳಸಿದ್ದನ್ನು ಪರೀಕ್ಷಿಸುವುದು

ಬೂಟು ಹಾಳಾದ ಒಂದು ಸ್ಕೇಟಿನ ಚಾಸಿ ಜೋಡಿಯನ್ನು ಖಾಲಾರ ಮಗ ಹುಡುಕಿದ. ಹಣ ಕೊಡುವ ಮುಂಚೆ ವೀಡಿಯೊ ಕಾಲಿನಲ್ಲಿ ಅಬ್ಬಾ ನೋಡಿಸಿದ್ದು ಇಷ್ಟು. ಗಾಲಿ ಹಾಕಿ ಗಾಜಿನ ಮೇಲಿಟ್ಟಾಗ ನಾಲ್ಕೂ ತಾಗುತ್ತವೆಯೇ? ಮೊದಲ ಗಾಲಿಯಿಂದ ಕೊನೆಯದಕ್ಕೆ ದಾರ ಹಿಡಿದರೆ ನಡುವಿನವು ಪಕ್ಕಕ್ಕೆ ಸರಿದಿವೆಯೇ? ಆಕ್ಸಲ್ ತೂತು ಸವೆದು ಮೊಟ್ಟೆಯಾಕಾರವಾಗಿದೆಯೇ? ರಿವೆಟ್ ತೂತಿನ ಸುತ್ತ ಕೂದಲೆಳೆಯಂಥ ಬಿರುಕಿದೆಯೇ?

ಕೂರಿಸುವಾಗ ಅಬ್ಬಾ ಹಳೆಯ ರಿವೆಟ್ ತಲೆಗಳನ್ನು ಡ್ರಿಲ್‌ನಿಂದ ತೆಗೆದರು. ಹೊಂದದ ಹಳೆಯ ತೂತುಗಳನ್ನು ಎಂ-ಸೀಲ್ ಹಾಕಿ ಮುಚ್ಚಿದರು. ಮೊದಲು ಸಣ್ಣ ಬೋಲ್ಟುಗಳಿಂದ ತಾತ್ಕಾಲಿಕವಾಗಿ ಬಿಗಿದು ತಮ್ಮನನ್ನು ಎರಡು ದಿನ ಓಡಿಸಿದರು. ಬಲಗಾಲು ಎಡಕ್ಕೆ ಎಳೆಯುತ್ತಿತ್ತು. ಚಾಸಿಯನ್ನು ಒಂದೆರಡು ಮಿ.ಮೀ. ಸರಿಸಿದ ಮೇಲೆ ನೇರವಾಯಿತು. ಆಮೇಲೆಯೇ ರಿವೆಟ್. ಒಳಗಿನ ರಿವೆಟ್ ತಲೆ ಚಪ್ಪಟೆಯಾಗಿರಬೇಕು, ಇಲ್ಲದಿದ್ದರೆ ಪಾದಕ್ಕೆ ಚುಚ್ಚುತ್ತದೆ.

ತಮ್ಮ ಮತ್ತೆ ಆಡುತ್ತಿದ್ದಾನೆ. ನಷ್ಟದ 800 ರೂ. ನಾನೇ ತೀರಿಸುತ್ತೇನೆ ಎಂದು ಪುಸ್ತಕದಲ್ಲಿ ನನ್ನ ಹೆಸರಿಗೆ ಬರೆದುಕೊಂಡೆ. ಎಂಟನೆಯ ತರಗತಿಯ ಇಬ್ಬರು ಹುಡುಗಿಯರಿಗೆ ಗಣಿತ ಹೇಳಿಕೊಡುತ್ತೇನೆ, ಅದರಿಂದ ತಿಂಗಳಿಗೆ 100 ಅಮ್ಮಿಗೆ. ಇನ್ನೂ 300 ಬಾಕಿ ಇದೆ.

ನೀವೇ ಮಾಡಿ ನೋಡಿ

1. ನಿಮ್ಮ ಮನೆಯಲ್ಲಿ ರಿಪೇರಿಗೆ ಬಂದ ಒಂದು ವಸ್ತುವನ್ನು ಆರಿಸಿ: ಸೈಕಲ್, ಮಿಕ್ಸರ್, ಹೊಲಿಗೆ ಯಂತ್ರ, ಯಾವುದಾದರೂ. ಹೊಸದು, ಬಳಸಿದ್ದು, ರಿಪೇರಿ, ಈ ಮೂರರ ತಿಂಗಳ ಸವಕಳಿ ಲೆಕ್ಕ ಹಾಕಿ.

2. ಆ ಲೆಕ್ಕದಲ್ಲಿ ಮುಳುಗಿದ ವೆಚ್ಚವನ್ನು ಎಲ್ಲಾದರೂ ಸೇರಿಸಿದ್ದೀರಾ? ಇದ್ದರೆ ತೆಗೆದು ಮತ್ತೆ ಮಾಡಿ.

3. ಆ ವಸ್ತುವಿನ ಬಾಳಿಕೆ ಬೇರೆ ಯಾವುದಾದರೂ ವಸ್ತುವಿನ ಬಾಳಿಕೆಗೆ ಕಟ್ಟಿಕೊಂಡಿದೆಯೇ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.