ಹಳೆಯ ಕೈಗಡಿಯಾರದ ಮುಖಕಾಂತಿ

1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯ ‘ಜನತಾ’ವೊಂದು ನಿಮಗೆ ತೀರ್ಥರೂಪರಿಂದ ಪ್ರಾಪ್ತವಾಗಿದ್ದಲ್ಲಿ, ಅದನ್ನು ರಿಪೇರಿಗೆ ಒಪ್ಪಿಸುವ ಮುನ್ನ, ಯಂತ್ರವನ್ನು ಪೂರ್ಣವಾಗಿ ಬಿಚ್ಚಿ, ತೊಳೆದು, ಹದವರಿತು ಎಣ್ಣೆಯಿಟ್ಟರೆ ಸಾಕೆಂದೂ, ಡಯಲಿಗೆ ಹೊಸ ಬಣ್ಣವಾಗಲಿ ಕೇಸಿಗೆ ಪಾಲಿಶ್ ಆಗಲಿ ಸರ್ವಥಾ ಕೂಡದೆಂದೂ ಸ್ಪಷ್ಟವಾಗಿ ತಿಳಿಸಿರಿ. ಡಯಲಿನ ಮಾಸಲು ಹಳದಿ ಛಾಯೆಯನ್ನು ದೋಷವೆಂದೆಣಿಸದಿರಿ. ಮರಳಿ ಬಣ್ಣ ಕಂಡ ಡಯಲಿನಲ್ಲಿ ಅಕ್ಷರಗಳು ದಪ್ಪಗಾಗಿ, ನಿಮಿಷದ ಗೆರೆಗಳು ಅಂಕಿಗಳಿಗೆ ಹೊಂದದೆ ಸರಿದಿರುವುದನ್ನು ಭೂತಗನ್ನಡಿಯಲ್ಲಿ ಕಂಡವರಿಗೆ ನನ್ನ ಆತಂಕ ಅರ್ಥವಾದೀತು. ಪಾಲಿಶಿನಲ್ಲಿ ಸವೆದ ಅಂಚಂತೂ ಮರಳಿ ಬಾರದು. ಸೋತ ಸ್ಪ್ರಿಂಗನ್ನು ಅವಶ್ಯವಾಗಿ ಬದಲಿಸಲಿ. ಆದರೆ ಮುಳ್ಳನ್ನಾಗಲಿ ಕೀ ಕೊಡುವ ಗುಂಡಿಯನ್ನಾಗಲಿ ತೆಗೆಯಲೇಬೇಕಾಗಿ ಬಂದರೆ, ಆ ಹಳೆಯ ಭಾಗಗಳನ್ನು ಪೊಟ್ಟಣ ಕಟ್ಟಿಸಿ ಕೇಳಿ ಪಡೆಯಿರಿ.